ಹಳೆಯ ಸಿಂಥ್, ಹೊಸ ಕೀಬೋರ್ಡ್: ಯಾವುದು ರೋಗ, ಯಾವುದು ಗುಣ?

ಗೆಳೆಯರೊಬ್ಬರು 1984ರ ರೋಲ್ಯಾಂಡ್ ಜೂನೋ-106 ಎಂಬ ಸಿಂಥ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರ್) ಕೊಂಡು ತಂದರು. ಒಂದು ವಾರ ನುಡಿಸಿ, "ಇದರ ನಾದದಲ್ಲಿ ಹಳೆಯ ಕಾಲದ್ದೊಂದು ಬಿರುಕು ಇದೆ, ಅದೇ ಇದರ ಸೊಗಸು" ಎಂದು ಕೊಂಡಾಡಿದರು. ಹೋಗಿ ಕೇಳಿದೆ. ಸೊಗಸೂ ಅಲ್ಲ, ಏನೂ ಅಲ್ಲ. ಈ ವಾದ್ಯ ಒಮ್ಮೆಗೆ ಆರು ಸ್ವರ ನುಡಿಸುತ್ತದೆ, ಒಂದೊಂದು ಸ್ವರಕ್ಕೆ ಒಳಗೆ ಒಂದೊಂದು ದನಿ. ಆ ಆರು ದನಿಗಳಲ್ಲಿ ಒಂದು ಸಾಯುವ ಹಂತದಲ್ಲಿತ್ತು. ಇನ್ನೊಬ್ಬರ ಕಥೆ ಇದಕ್ಕೆ ತಿರುವುಮುರುವು. ಅದೇ ಜೂನೋದಲ್ಲಿ ನಾದವನ್ನು ದಪ್ಪಗೆ ಮಾಡುವ ಕೋರಸ್ ಗುಂಡಿ ಒತ್ತಿದಾಗ ಬರುವ ಸುಯ್ ಎನ್ನುವ ಸದ್ದನ್ನು ಕೆಟ್ಟಿದ್ದೆಂದು ತಿಳಿದು, ರಿಪೇರಿಗೆ ಕೊಟ್ಟು, ದುಡ್ಡು ಕಳೆದುಕೊಂಡರು. ಆ ಸದ್ದು ಕಾರ್ಖಾನೆಯಿಂದ ಹೊರಬಿದ್ದ ದಿನವೂ ಇತ್ತು.

ವಾದ್ಯ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ತೀರ್ಪು ಕೊಡುವ ಮೊದಲು ಅದು ಆರೋಗ್ಯವಾಗಿದೆಯೇ ಎಂದು ನೋಡಬೇಕು. ಕೆಳಗಿನದು ಅದಕ್ಕಾಗಿ. ಕಿವಿಗೆ, ಕಣ್ಣಿಗೆ, ಬೆರಳಿಗೆ ಏನು ಗೊತ್ತಾಗುತ್ತದೆಯೋ ಅಲ್ಲಿಂದ ಶುರು ಮಾಡಿದ್ದೇನೆ. ಕಾಸು ಖರ್ಚಾಗದ ಪರೀಕ್ಷೆ ಮೊದಲು, ಸ್ಕ್ರೂಡ್ರೈವರ್ ಆಮೇಲೆ. ಹಾರ್ಮೋನಿಯಂ ಕಾಲದಿಂದ ನಾವು ಕೀಲಿಗಳನ್ನು ಮನೆ ಎನ್ನುತ್ತೇವೆ. ಇಲ್ಲಿಯೂ ಕರಿಮನೆ, ಬಿಳಿಮನೆ ಎಂದೇ ಬರೆಯುತ್ತೇನೆ.

## ಮುಚ್ಚಳ ತೆಗೆಯುವ ಮೊದಲು

ಅಡಾಪ್ಟರ್ ಹೊರಗಿರುವ ಕೀಬೋರ್ಡ್‌ಗಳ ಒಳಗೆ ಸಾಮಾನ್ಯವಾಗಿ 9ರಿಂದ 16 ವೋಲ್ಟ್ ಮಾತ್ರ ಓಡಾಡುತ್ತದೆ. ಗೋಡೆಯ ಪ್ಲಗ್‌ನಿಂದ ದಪ್ಪ ವೈರ್ ನೇರವಾಗಿ ವಾದ್ಯದೊಳಕ್ಕೇ ಹೋಗಿದ್ದರೆ ಮಾತು ಬೇರೆ: 230 ವೋಲ್ಟ್ ಒಳಗೇ ಬಂದು ಕೂತಿರುತ್ತದೆ. ಸ್ವಿಚಿಂಗ್ ಮಾದರಿಯ ಪವರ್ ಸಪ್ಲೈ ಆಗಿದ್ದರೆ ಅದರ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿ.ಸಿ. ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಂಥ ವಾದ್ಯದ ಮುಚ್ಚಳ ತೆಗೆಯುವುದಾದರೆ ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಪವರ್ ಸಪ್ಲೈ ಬೋರ್ಡಿಗೆ ಕೈ ಹಾಕಬೇಡಿ. ಅದು ಕಲಿತವರ ಕೆಲಸ.

## ಸ್ವಿಚ್ ಹಾಕಿದರೂ ಜೀವವಿಲ್ಲ

ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಗಬೇಡಿ; ಮಂಟಪದ ಹಿಂದಿನ ಎಕ್ಸ್‌ಟೆನ್ಶನ್ ಬೋರ್ಡ್‌ಗಳ ಪೈಕಿ ಅರ್ಧ ಸತ್ತಿರುತ್ತವೆ. ಆಮೇಲೆ ಅಡಾಪ್ಟರ್. ಅದರ ಮೇಲೆ ಬರೆದ ವೋಲ್ಟೇಜು ಮಲ್ಟಿಮೀಟರ್‌ನಲ್ಲಿ ಬರುತ್ತಿದೆಯೇ? ಬರುತ್ತಿದೆ, ಆದರೆ ಕೀಬೋರ್ಡ್ ಏಳುತ್ತಿಲ್ಲ ಎಂದರೆ ಪಿನ್ನಿನ ಬುಡವನ್ನು ಮೆಲ್ಲಗೆ ಅಲ್ಲಾಡಿಸಿ. ದೀಪ ಮಿಣುಕಿದರೆ ವೈರ್ ಒಳಗೆ ತುಂಡಾಗಿದೆ ಅಥವಾ ಜಾಕ್‌ನ ಬೆಸುಗೆ ಬಿಟ್ಟಿದೆ. ಎರಡೂ ಸಣ್ಣ ಖರ್ಚು.

ಬೇರೆಯವರ ಅಡಾಪ್ಟರ್ ಎರವಲು ತರುವಾಗ ವೋಲ್ಟೇಜ್ ಒಂದನ್ನೇ ನೋಡಬೇಡಿ. ಪಿನ್ನಿನ ಮಧ್ಯಭಾಗ ಪ್ಲಸ್ಸೋ ಮೈನಸ್ಸೋ ಎಂದು ತೋರಿಸುವ ಪುಟ್ಟ ವೃತ್ತದ ಚಿತ್ರ ಅಡಾಪ್ಟರ್ ಮೇಲೂ ವಾದ್ಯದ ಜಾಕ್ ಪಕ್ಕದಲ್ಲೂ ಇರುತ್ತದೆ. ಯಮಹಾ ಕೀಬೋರ್ಡ್‌ಗಳ 12 ವೋಲ್ಟ್ ಅಡಾಪ್ಟರ್‌ಗಳಲ್ಲಿ ಮಧ್ಯ ಪ್ಲಸ್. ಹಳೆಯ ಕ್ಯಾಸಿಯೋಗಳ 9 ವೋಲ್ಟ್ ಅಡಾಪ್ಟರ್‌ನಲ್ಲಿ ಮಧ್ಯ ಮೈನಸ್. ಪಿನ್ ಮಾತ್ರ ಒಂದರಂತೆಯೇ ಇನ್ನೊಂದು ಹೊಂದಿಕೊಂಡುಬಿಡಬಹುದು. ಅದೇ ಅಪಾಯ.

ಜಪಾನಿನಿಂದ ಬಂದ ವಾದ್ಯಕ್ಕೆ 100 ವೋಲ್ಟ್, ಅಮೆರಿಕದಿಂದ ಅಣ್ಣನೋ ಭಾವನೋ ಲಗೇಜಿನಲ್ಲಿ ತಂದದ್ದಕ್ಕೆ 120 ವೋಲ್ಟ್ ಬೇಕಿರಬಹುದು. ಹಿಂಬದಿಯ ತಗಡಿನ ಮೇಲಿನ ಬರಹ ಓದದೆ ನಮ್ಮ ಗೋಡೆಗೆ ಸಿಕ್ಕಿಸಿದರೆ ಒಮ್ಮೆ "ಟಪ್" ಎನ್ನುತ್ತದೆ, ಅಷ್ಟೇ. ಅದೃಷ್ಟವಿದ್ದರೆ ಫ್ಯೂಸ್ ಮಾತ್ರ ಹೋಗಿರುತ್ತದೆ. ಬರೆದಷ್ಟೇ ಆಂಪಿಯರ್‌ನ ಫ್ಯೂಸ್ ಹಾಕಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಕೊಡಿ. ಹೊಸ ಫ್ಯೂಸೂ ಕೂಡಲೇ ಹೋದರೆ ಮೂರನೆಯದನ್ನು ಹಾಕಬೇಡಿ, ಬೆಳ್ಳಿ ಕಾಗದವನ್ನಂತೂ ಸುತ್ತಲೇಬೇಡಿ. ಅಲ್ಲಿಗೆ ನಿಲ್ಲಿಸಿ. ಸುಟ್ಟ ವಾಸನೆ ಬಂದಿದ್ದರೂ ಅಷ್ಟೇ.

ಹೊಸ ಕೀಬೋರ್ಡ್ ಅರ್ಧ ಗಂಟೆ ಸುಮ್ಮನಿದ್ದು ತಾನಾಗಿಯೇ ಆರಿಹೋಗುತ್ತಿದ್ದರೆ ಅದು ಕೆಟ್ಟಿಲ್ಲ. ಆಟೋ ಪವರ್ ಆಫ್ ಎಂಬ ಸೆಟ್ಟಿಂಗ್ ಇದೆ. ಕಛೇರಿಯ ಮಧ್ಯೆ ದೀರ್ಘ ಭಾಷಣ ಬರುವ ಕಡೆ ಅದನ್ನು ತೆಗೆದುಹಾಕಿ.

## ದೀಪ ಉರಿಯುತ್ತದೆ, ಸದ್ದಿಲ್ಲ

ಹೆಡ್‌ಫೋನ್ ಹಾಕಿ ಕೇಳಿ. ಅಲ್ಲಿ ಸದ್ದಿದ್ದರೆ ವಾದ್ಯ ಚೆನ್ನಾಗಿದೆ. ತಪ್ಪು ಕೇಬಲ್ಲಿನದು, ಮಿಕ್ಸರ್‌ನದು ಅಥವಾ ಸ್ಪೀಕರಿನದು. ಒಂದೇ ಕೇಬಲ್ ಬಳಸುವಾಗ ಎಲ್/ಮೋನೋ ಎಂದು ಬರೆದ ಜಾಕ್‌ಗೆ ಹಾಕಿದ್ದೀರಾ? ಬಲಗಡೆಯ ಜಾಕ್‌ಗೆ ಹಾಕಿದರೆ ಕೆಲವು ಟೋನ್‌ಗಳ (ವಾದ್ಯದಲ್ಲಿ ಉಳಿಸಿಟ್ಟ ನಾದಗಳ) ಅರ್ಧ ಭಾಗವೇ ಕೇಳುತ್ತದೆ.

ಸ್ಪೀಕರ್ ಒಳಗೇ ಇರುವ ಕೀಬೋರ್ಡ್‌ಗಳಲ್ಲಿ ಹೆಡ್‌ಫೋನ್ ಜಾಕ್ ಒಂದು ಸ್ವಿಚ್ಚೂ ಹೌದು. ಪ್ಲಗ್ ಒಳಗೆ ಹೋದರೆ ಸ್ಪೀಕರ್ ಬಂದ್. ಹೆಡ್‌ಫೋನಿನ ಸಣ್ಣ ಪಿನ್ನನ್ನು ದೊಡ್ಡ ಜಾಕ್‌ಗೆ ಹೊಂದಿಸುವ ತುಂಡು ಒಳಗೇ ಉಳಿದಿದ್ದರೂ ಬಂದ್. ಒಳಗಿನ ತಗಡು ಕಿಲುಬು ಹಿಡಿದು ಬಾಗಿದಲ್ಲೇ ನಿಂತಿದ್ದರೆ, ಏನೂ ಸಿಕ್ಕಿಸದಿದ್ದರೂ ಸ್ಪೀಕರ್ ಮೂಕವೇ. ಪ್ಲಗ್ಗನ್ನು ಹತ್ತಿಪ್ಪತ್ತು ಬಾರಿ ಹಾಕಿ ತೆಗೆಯಿರಿ. ಬಹಳಷ್ಟು ಸಲ ಅಷ್ಟಕ್ಕೇ ಬಾಯಿ ಬಿಡುತ್ತದೆ.

ಇನ್ನೊಂದು ಕಳ್ಳ ಲೋಕಲ್ ಕಂಟ್ರೋಲ್. ಕಂಪ್ಯೂಟರ್ ಜೊತೆ ಬಳಸುವವರು ಇದನ್ನು ಆಫ್ ಮಾಡುತ್ತಾರೆ. ಆಗ ವಾದ್ಯದ ಮನೆಗಳಿಗೂ ಅದರದೇ ನಾದ ಹುಟ್ಟಿಸುವ ಭಾಗಕ್ಕೂ ಸಂಬಂಧ ಕಡಿದುಹೋಗುತ್ತದೆ. ಡೆಮೋ ಹಾಡು ಬರುತ್ತದೆ, ಮನೆ ಒತ್ತಿದರೆ ಮಾತ್ರ ಮೌನ ಎನ್ನುವುದಾದರೆ ಮೊದಲು ಇದನ್ನೇ ನೋಡಿ. ಕಾಲಿನಿಂದ ಸದ್ದು ಏರಿಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಹಿಮ್ಮಡಿಯ ಕಡೆಗೆ ಮಲಗಿದ್ದರೂ ಹೀಗಾಗುತ್ತದೆ. ಪೆಡಲ್ ಕಿತ್ತು ನೋಡಿ.

## ಶ್ರುತಿ ಸೇರುತ್ತಿಲ್ಲ

ಮದುವೆಯ ಆರತಕ್ಷತೆಯೊಂದರಲ್ಲಿ ಗಾಯಕಿ ಬಿಳಿ ಎರಡಕ್ಕೆ (ಸಪ್ತಕದ ಎರಡನೇ ಬಿಳಿಮನೆಗೆ) ಶ್ರುತಿ ಕೇಳಿದರು. ನಮ್ಮ ಹುಡುಗ ಬಿಳಿ ಎರಡನ್ನೇ ಒತ್ತಿದ, ಆಕೆ ಹಣೆ ಚಚ್ಚಿಕೊಂಡರು. ವಾದ್ಯ ಕೆಟ್ಟಿದೆ ಎಂದು ಗದ್ದಲವೆದ್ದಿತು. ಹಿಂದಿನ ದಿನ ನುಡಿಸಿದವರು ಬೇರೊಬ್ಬ ಗಾಯಕರಿಗಾಗಿ ಇಡೀ ವಾದ್ಯದ ಶ್ರುತಿಯನ್ನು ಸರಿಸುವ ಟ್ರಾನ್ಸ್‌ಪೋಸನ್ನು ಎರಡು ಮೆಟ್ಟಿಲು ಏರಿಸಿ ಹಾಗೆಯೇ ಬಿಟ್ಟುಹೋಗಿದ್ದರು. ಪರದೆಯ ಮೂಲೆಯಲ್ಲಿ +2 ಎಂದು ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಡಿಜಿಟಲ್ ವಾದ್ಯದ ಶ್ರುತಿಯನ್ನು ಸ್ಫಟಿಕವೊಂದು ಕಾಯುತ್ತದೆ. ತಾನಾಗಿ ಜಾರುವುದು ಅಪರೂಪದಲ್ಲಿ ಅಪರೂಪ. ಆದ್ದರಿಂದ ಅಂಥದ್ದರಲ್ಲಿ ಶ್ರುತಿ ತಪ್ಪಿದರೆ ಸೆಟ್ಟಿಂಗನ್ನೇ ಅನುಮಾನಿಸಿ: ಟ್ರಾನ್ಸ್‌ಪೋಸ್, ಆಕ್ಟೇವ್, 440 ಹರ್ಟ್ಸ್ ಇರಬೇಕಾದ ಮಾಸ್ಟರ್ ಟ್ಯೂನ್. ಒಂದೆರಡು ಸ್ವರ ಮಾತ್ರ ಕಾಲು ಭಾಗ ತಪ್ಪಿ ಕೇಳಿದರೆ ಸ್ಕೇಲ್ ಟ್ಯೂನಿಂಗ್ ಯಾವುದೋ ಅರಬ್ಬಿ ಮಟ್ಟಿನಲ್ಲಿದೆ. ಇಡೀ ವಾದ್ಯ ತುಸು ಏರಿ ಅಥವಾ ಇಳಿದು ತೂಗುತ್ತಿದ್ದರೆ ಪಿಚ್ ಬೆಂಡ್ ಚಕ್ರವನ್ನು ಮುಟ್ಟಿ ನೋಡಿ. ಅದು ಮಧ್ಯಕ್ಕೆ ಬಂದು ನಿಲ್ಲದಿದ್ದರೆ ಸ್ಪ್ರಿಂಗ್ ಸಡಿಲವಾಗಿದೆ ಅಥವಾ ಒಳಗಿನ ಪೊಟೆನ್ಷಿಯೋಮೀಟರ್ ಸವೆದಿದೆ.

ಅನಲಾಗ್ ಸಿಂಥ್‌ನ ವಿಷಯವೇ ಬೇರೆ. 1970ರ ಮಿನಿಮೂಗ್, 1978ರ ಕೊರ್ಗ್ ಎಂಎಸ್-20 ಮುಂತಾದವುಗಳ ನಾದ ಹುಟ್ಟಿಸುವ ಆಸಿಲೇಟರ್‌ಗಳು ಬಿಸಿ ಏರಿದಂತೆ ಸರಿಯುತ್ತವೆ. ಸ್ವಿಚ್ ಹಾಕಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಬಿಡಿ, ಕಾಫಿ ಕುಡಿದು ಬಂದು ಶ್ರುತಿ ಮಾಡಿ. ಆಮೇಲೂ ಅಲೆಯುತ್ತಿದ್ದರೆ ದೋಷ. ಕೆಳಗಿನ ಮನೆಗಳಲ್ಲಿ ಸರಿ, ಮೇಲೇರಿದಂತೆ ತಪ್ಪು ಎಂದರೆ ಆಕ್ಟೇವ್ ಅಳತೆಯ ಹೊಂದಾಣಿಕೆ ಬೇಕು. ಒಳಗಿನ ಪುಟ್ಟ ತಿರುಪುಗಳನ್ನು ಸರ್ವೀಸ್ ಕೈಪಿಡಿ ಇಲ್ಲದೆ ತಿರುಗಿಸಿದರೆ ಮೊದಲಿನ ಸ್ಥಿತಿಗೂ ಮರಳಲಾಗುವುದಿಲ್ಲ.

## ಒಂದು ಮನೆ ಮೂಕ, ಅಥವಾ ಮುಟ್ಟಿದರೆ ಕಿರುಚುತ್ತದೆ

ಇದು ಅತ್ಯಂತ ಸಾಮಾನ್ಯ ದೂರು. ಮೊದಲು ಕೇಳಬೇಕಾದ ಪ್ರಶ್ನೆ: ಯಾವಾಗಲೂ ಅದೇ ಮನೆಯೋ, ಅಥವಾ ತೊಂದರೆ ಮನೆಯಿಂದ ಮನೆಗೆ ಓಡಾಡುತ್ತದೆಯೋ? ಅದೇ ಮನೆಯಾದರೆ ಇಲ್ಲಿ ಓದಿ, ಓಡಾಡುವುದಾದರೆ ಮುಂದಿನ ಭಾಗಕ್ಕೆ ಹೋಗಿ.

ಮಿಡಿ (ಯಾವ ಮನೆ ಒತ್ತಿದರು ಎಂಬ ಸಂದೇಶವನ್ನು ವಾದ್ಯದಿಂದ ವಾದ್ಯಕ್ಕೆ ಸಾಗಿಸುವ ವ್ಯವಸ್ಥೆ) ಕೇಬಲ್ ಮೂಲಕ ಇನ್ನೊಂದು ಕೀಬೋರ್ಡಿನಿಂದ ಅದೇ ಸ್ವರ ಕಳುಹಿಸಿ. ಸರಿಯಾಗಿ ನುಡಿದರೆ ನಾದದ ಭಾಗ ಚೆನ್ನಾಗಿದೆ, ಮನೆಯ ಕೆಳಗಿನ ಸಂಪರ್ಕ ಕೊಳೆಯಾಗಿದೆ. ಎಂಟು ಮನೆಗೊಂದರಂತೆ ಅಥವಾ ಅಕ್ಕಪಕ್ಕದ ಎಂಟು ಮನೆಗಳು ಒಟ್ಟಿಗೆ ಸತ್ತಿದ್ದರೆ ಕೊಳೆಯಲ್ಲ. ಮನೆಗಳನ್ನು ಸಾಲು-ಕಂಬವಾಗಿ ಓದುವ ತಂತಿಗಳಲ್ಲಿ ಒಂದು ಕಡಿದಿದೆ ಅಥವಾ ಚಪ್ಪಟೆ ರಿಬ್ಬನ್ ಕೇಬಲ್ ಸಡಿಲಾಗಿದೆ.

ಮೆಲ್ಲಗೆ ಮುಟ್ಟಿದರೂ ಏಕೆ ಕಿರುಚುತ್ತದೆ? ಪ್ರತಿ ಮನೆಯ ಕೆಳಗೆ ಎರಡು ಸಂಪರ್ಕಗಳಿವೆ. ಬೆರಳು ಇಳಿಯುವಾಗ ಒಂದು ಮೊದಲು ಕೂಡುತ್ತದೆ, ಇನ್ನೊಂದು ಒಂದು ಕ್ಷಣ ತಡವಾಗಿ. ನಡುವಿನ ಕಾಲ ಎಷ್ಟು ಕಡಿಮೆಯೋ ಅಷ್ಟು ಜೋರಾಗಿ ಹೊಡೆದಿದ್ದಾರೆ ಎಂದು ವಾದ್ಯ ಲೆಕ್ಕ ಹಾಕುತ್ತದೆ. ಮೊದಲನೆಯದರಲ್ಲಿ ಧೂಳು ಕೂತು ಅದೂ ತಡವಾದರೆ ಎರಡೂ ಒಟ್ಟಿಗೆ ಕೂಡಿದಂತಾಗುತ್ತದೆ. ಪಾಪ, ವಾದ್ಯ ತನ್ನ ಲೆಕ್ಕದಂತೆ ಸರಿಯಾಗಿಯೇ ಕಿರುಚುತ್ತದೆ.

ಕಾಲು ಗಂಟೆ ಬಿಡುವಿದ್ದರೆ ಮೊದಲು ಆ ಮನೆಯನ್ನು ಐವತ್ತು ನೂರು ಸಲ ಬಲವಾಗಿ ಒತ್ತಿ. ಹೋಗದಿದ್ದರೆ ಬಿಚ್ಚಬೇಕು. ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು, ಹಾಸಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಬೋರಲು ಹಾಕಿ. ಸ್ಕ್ರೂಗಳು ಎರಡು ಮೂರು ಉದ್ದದವಿರುತ್ತವೆ. ಕಾಗದದ ಮೇಲೆ ವಾದ್ಯದ ಆಕಾರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಹಂತಹಂತಕ್ಕೆ ಫೋಟೋ ತೆಗೆಯಿರಿ. ಮನೆಗಳ ಕೆಳಗೆ ಬೂದು ರಬ್ಬರಿನ ಉದ್ದ ಪಟ್ಟಿ ಕಾಣುತ್ತದೆ, ಅದರಲ್ಲಿ ಪುಟ್ಟ ಇಡ್ಲಿಗಳಂಥ ಉಬ್ಬುಗಳು, ಒಳಮೈಯಲ್ಲಿ ಕಪ್ಪು ಕಾರ್ಬನ್ ಗುಂಡುಗಳು. ಪಟ್ಟಿಯನ್ನು ಎತ್ತಿದಾಗ ಕೆಳಗಿನ ಬೋರ್ಡಿನಲ್ಲಿ ಹೊಳೆಯುವ ಕಪ್ಪು ಬಾಚಣಿಗೆಯಂಥ ಗೆರೆಗಳಿರುತ್ತವೆ. ನಾನು ಕೊನೆಯ ಬಾರಿ ತೆಗೆದ ವಾದ್ಯದಲ್ಲಿ ಆ ಗೆರೆಗಳ ಮೇಲೆ ಒಂದು ಅಗರಬತ್ತಿಯ ಬೂದಿಯ ಚೂರು, ನಾಲ್ಕು ಇರುವೆ ಕಾಲು, ಮೂಲೆಯಲ್ಲಿ ಹಲ್ಲಿಯ ಒಡೆದ ಮೊಟ್ಟೆ ಇದ್ದವು. ಭಜನೆ ಮಂದಿರದ ಕೀಬೋರ್ಡ್ ಅದು.

ನೂಲು ಬಿಡದ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸು ನೆನೆಸಿ ಗೆರೆಗಳನ್ನೂ ಗುಂಡುಗಳನ್ನೂ ಒರೆಸಿ. ಕೆರೆಯಬೇಡಿ; ಕಾರ್ಬನ್ ಪದರ ಹೋದರೆ ಮರಳಿ ಬರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಯನ್ನು ಇಲ್ಲಿಗೆ ಹೊಡೆಯುವುದು ಅಪರಾಧ: ಧೂಳನ್ನು ಕರೆದು ಕೂರಿಸುತ್ತದೆ. ಆಲ್ಕೋಹಾಲ್ ಬಾಟಲಿ ತೆರೆದಿರುವಾಗ ಕಿಟಕಿಯೂ ತೆರೆದಿರಲಿ, ದೇವರ ದೀಪ ದೂರವಿರಲಿ.

ಮನೆಗಳು ಜಿಗುಟಾಗಿ, ಒತ್ತಿದರೆ ಮೇಲೇಳದೆ, ಸಂದಿನಲ್ಲಿ ಕೆಂಪು ಗೋಂದು ಕಂಡರೆ ಅದು ಬೇರೆ ರೋಗ. 1991ರ ಜೆಡಿ-800ರಂಥ ಕೆಲವು ರೋಲ್ಯಾಂಡ್ ವಾದ್ಯಗಳಲ್ಲಿ ಮನೆಯೊಳಗಿನ ತೂಕದ ತುಂಡನ್ನು ಹಿಡಿದಿದ್ದ ಕೆಂಪು ಎಪಾಕ್ಸಿ ವರ್ಷಗಳು ಕಳೆದಂತೆ ಜೇನಿನಂತೆ ಕರಗಿ ಸಂಪರ್ಕಗಳ ಮೇಲೆ ಸುರಿಯುತ್ತದೆ. ಬಿಸಿಯಾದಷ್ಟೂ ಬೇಗ, ಆದ್ದರಿಂದ ಕಲಬುರಗಿಯ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯೊಳಗೆ ಇಡಬೇಡಿ. ಇದನ್ನು ಬಿಡಿಸಲು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮನೆಗಳನ್ನು ನೆನೆಹಾಕುವವರಿದ್ದಾರೆ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ, ಅನುಭವಿಗಳಿಗೆ ಕೊಡಿ.

## ತೊಂದರೆ ಮನೆಯಿಂದ ಮನೆಗೆ ಓಡಾಡುತ್ತದೆ

ಬೇರೆ ಬೇರೆ ಮನೆಗಳನ್ನು ಒಂದೊಂದಾಗಿ ಒತ್ತುತ್ತಾ ಹೋಗಿ, ಎಣಿಸಿ. ಆರಕ್ಕೊಮ್ಮೆ ಸ್ವರ ನುಂಗಿದರೆ, ಮಂಕಾದರೆ, ಕರಕರ ಎಂದರೆ, ಆರು ದನಿಗಳ ವಾದ್ಯದಲ್ಲಿ ಒಂದು ದನಿ ಕೆಟ್ಟಿದೆ. ವಾದ್ಯ ಪ್ರತಿ ಹೊಸ ಸ್ವರವನ್ನು ಸರದಿಯಂತೆ ಮುಂದಿನ ದನಿಗೆ ಒಪ್ಪಿಸುವುದರಿಂದ ಹೀಗಾಗುತ್ತದೆ.

ಜೂನೋ-106ರಲ್ಲಿ ಯಾವ ದನಿ ಎಂದು ಬಿಚ್ಚದೆಯೇ ತಿಳಿಯಬಹುದು. ಕೀ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿ. ಪರೀಕ್ಷಾ ಸ್ಥಿತಿಗೆ ಹೋಗುತ್ತದೆ. ಮನೆ ಒತ್ತಿದಂತೆ ಯಾವ ದನಿ ನುಡಿಯುತ್ತಿದೆ ಎಂಬ ಸಂಖ್ಯೆ ಪರದೆಯಲ್ಲಿ ಬರುತ್ತದೆ. ನನ್ನ ಗೆಳೆಯರ ವಾದ್ಯದಲ್ಲಿ ನಾಲ್ಕು ಬಂದಾಗಲೆಲ್ಲ ಆ "ಸೊಗಸು" ಕೇಳುತ್ತಿತ್ತು.

ಕಾರಣ 80017ಎ ಎಂಬ ಭಾಗ. ಪ್ರತಿ ದನಿಗೆ ಒಂದರಂತೆ ಆರು ಇವೆ. ಫಿಲ್ಟರ್ ಮತ್ತು ಆಂಪ್ಲಿಫೈಯರ್ ಎರಡೂ ಅದರೊಳಗೆ. ರಕ್ಷಣೆಗೆಂದು ಬಳಿದ ಎಪಾಕ್ಸಿ ಲೇಪವೇ ವರ್ಷಗಳಲ್ಲಿ ವಿದ್ಯುತ್ ಸೋರಿಸಲು ತೊಡಗುತ್ತದೆ. ಲೇಪವನ್ನು ಅಸಿಟೋನ್‌ನಲ್ಲಿ ನೆನೆಸಿ ಸುಲಿದರೆ ಹಲವು ಬದುಕುತ್ತವೆ, ಬದುಕದಿದ್ದರೆ ಬದಲಿ ಭಾಗಗಳನ್ನು ಹೊಸದಾಗಿ ತಯಾರಿಸಿ ಮಾರುವವರಿದ್ದಾರೆ. ಆದರೆ ಬೋರ್ಡಿನಿಂದ ಬೆಸುಗೆ ಬಿಡಿಸುವುದು ಕಲಿಯುವವರ ಮೊದಲ ಪಾಠವಾಗಬಾರದು. ತಾಮ್ರದ ಗೆರೆ ಎದ್ದರೆ ಒಂದು ದನಿಯ ದೋಷ ಇಡೀ ಬೋರ್ಡಿನ ದೋಷವಾಗುತ್ತದೆ.

ಕೊಳ್ಳುವ ಮೊದಲು ಈ ಎಣಿಕೆಯನ್ನು ಮಾಡಿಯೇ ಮಾಡಿ. ಮಾರುವವರು ಒಂದು ಒಳ್ಳೆಯ ಕಾರ್ಡ್ ನುಡಿಸಿ ತೋರಿಸಿದರೆ ಕೆಟ್ಟ ದನಿ ಗುಂಪಿನಲ್ಲಿ ಅಡಗುತ್ತದೆ.

## ಟೋನ್‌ಗಳೆಲ್ಲ ಕಲಸುಮೇಲೋಗರ

ಹೆಸರುಗಳ ಜಾಗದಲ್ಲಿ ವಿಚಿತ್ರ ಅಕ್ಷರ, ಪಿಯಾನೋ ಇದ್ದಲ್ಲಿ ಕೀರಲು, ನೀವು ಉಳಿಸಿದ್ದೆಲ್ಲ ಮಾಯ. ಹೆದರಬೇಡಿ. 1983ರ ಯಮಹಾ ಡಿಎಕ್ಸ್7, 1987ರ ರೋಲ್ಯಾಂಡ್ ಡಿ-50, 1988ರ ಕೊರ್ಗ್ ಎಂ1, ಇವೆಲ್ಲ ನೆನಪಿಟ್ಟುಕೊಳ್ಳುವುದು ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಂಥ ಬ್ಯಾಟರಿಯ ಬಲದಿಂದ. ಅದು ಮುಗಿದಿದೆ. ಬ್ಯಾಟರಿ ನೂರು ರೂಪಾಯಿಯೊಳಗೆ ಸಿಗುತ್ತದೆ.

ಡಿಎಕ್ಸ್7ರಲ್ಲಿ ಫಂಕ್ಷನ್ ಒತ್ತಿ 14ನೇ ಗುಂಡಿ ಒತ್ತಿದರೆ ಬ್ಯಾಟರಿಯ ವೋಲ್ಟೇಜನ್ನು ಅದೇ ಹೇಳುತ್ತದೆ. 3ರ ಆಸುಪಾಸು ಇದ್ದರೆ ನಿಶ್ಚಿಂತೆ, 2.5ಕ್ಕಿಂತ ಕೆಳಗಿಳಿದಿದ್ದರೆ ನಾನು ಕಾಯುವುದಿಲ್ಲ. ಬ್ಯಾಟರಿ ಇನ್ನೂ ಬದುಕಿದ್ದರೆ ತೆಗೆಯುವ ಮೊದಲು ಟೋನ್‌ಗಳನ್ನು ಮಿಡಿ ಮೂಲಕ ಕಂಪ್ಯೂಟರ್‌ಗೆ ಉಳಿಸಿಕೊಳ್ಳಿ. 32 ಟೋನ್‌ಗಳ ಕಟ್ಟು ಸರಿಯಾಗಿ 4104 ಬೈಟ್ ಇರಬೇಕು. ಕಡಿಮೆ ಬಂದರೆ ಅರ್ಧಕ್ಕೇ ನಿಂತಿದೆ. ತೀರಾ ಅಗ್ಗದ ಯುಎಸ್‌ಬಿ ಮಿಡಿ ವೈರ್‌ಗಳು ಇಲ್ಲಿಯೇ ಕೈಕೊಡುವುದು. ಮರಳಿ ತುಂಬುವಾಗ ಮೆಮೊರಿ ಪ್ರೊಟೆಕ್ಟ್ ಆಫ್ ಮಾಡಲು ಮರೆತರೆ ಏನೂ ಒಳಗೆ ಹೋಗುವುದಿಲ್ಲ.

ಡಿಎಕ್ಸ್7ರಂಥವುಗಳಲ್ಲಿ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿದ್ದಾರೆ. ಹೊಸದನ್ನು ನೇರವಾಗಿ ಬೆಸೆಯಬೇಡಿ. ಲಿಥಿಯಂ ಬ್ಯಾಟರಿ ಬಿಸಿಗೆ ಸಿಡಿಯಬಹುದು. ಹೋಲ್ಡರ್ ಬೆಸೆಸಿಕೊಂಡರೆ ಮುಂದಿನ ಸಲ ಉಗುರಿನಲ್ಲೇ ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಯಲ್ಲೂ ಕೇಳಿ, ಕೊಡುತ್ತಾರೆ. ತೆಗೆದ ಹಳೆಯ ಬ್ಯಾಟರಿ ಮೇಜಿನ ಮೇಲೆ ಉಳಿಯದಿರಲಿ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡುತ್ತದೆ. ಅನುಮಾನ ಬಂದರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

1981ರ ಕೊರ್ಗ್ ಪಾಲಿಸಿಕ್ಸ್ ಕೈಗೆ ಬಂದರೆ ನುಡಿಸುವ ಮೊದಲೇ ಒಳಗೆ ನೋಡಿಸಿ. ಅದರಲ್ಲಿರುವುದು ಚಾರ್ಜ್ ಆಗುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದು ಸೋರಿ ಕೆಎಲ್‌ಎಂ-367 ಎಂಬ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಹಸಿರು-ನೀಲಿ ಹುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಸೋರಿದ್ದು ಕ್ಷಾರವಾದ್ದರಿಂದ ತೆಳುವಾದ ವಿನೆಗರ್ ಹಚ್ಚಿ ಒರೆಸುವುದು ರೂಢಿ, ಆದರೆ ಗೆರೆಗಳು ಕರಗಿದ್ದರೆ ತಜ್ಞರೇ ಬೇಕು.

## ಗುಂಯ್ ಎನ್ನುತ್ತದೆ

ಬ್ಯಾಟರಿಯಲ್ಲೂ ಓಡುವ ಕೀಬೋರ್ಡ್ ಆದರೆ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ. ಗುಂಯ್ ಹೋದರೆ ತಪ್ಪು ಅಡಾಪ್ಟರ್‌ನದು ಅಥವಾ ಅರ್ತಿಂಗಿನದು. ಹೆಡ್‌ಫೋನ್‌ನಲ್ಲಿ ಇಲ್ಲ, ಮಿಕ್ಸರ್‌ಗೆ ಹಾಕಿದಾಗ ಮಾತ್ರ ಎಂದರೆ ವಾದ್ಯವೂ ಮಿಕ್ಸರೂ ಬೇರೆ ಬೇರೆ ಕಡೆ ಅರ್ತ್ ಆಗಿವೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ಅಥವಾ ನಡುವೆ ಅರ್ತ್ ಸಂಪರ್ಕ ಬೇರ್ಪಡಿಸುವ ಡಿಐ ಬಾಕ್ಸ್ ಬಳಸಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ನಿಂತರೆ ಉತ್ತರ ಅಲ್ಲೇ ಇದೆ. ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವ ಪದ್ಧತಿಯೊಂದು ಆರ್ಕೆಸ್ಟ್ರಾದವರಲ್ಲಿದೆ. ಗುಂಯ್ ನಿಲ್ಲುತ್ತದೆ, ಜೊತೆಗೆ ಮೈಕ್ ಹಿಡಿದವರ ಜೀವಕ್ಕಿದ್ದ ಕಾವಲೂ ಹೋಗುತ್ತದೆ.

ಕಿವಿ ಪಳಗಿದವರಿಗೆ ಒಂದು ಉಪಾಯ. 61 ಮನೆಗಳ ಕೀಬೋರ್ಡಿನ ಎಡತುದಿಯಿಂದ ಮೊದಲ ಬಿಳಿ ಐದು ಸುಮಾರು 98 ಹರ್ಟ್ಸ್. ಗುಂಯ್ ಅದಕ್ಕೆ ಹತ್ತಿರ ಸೇರಿದರೆ 100 ಹರ್ಟ್ಸ್, ಅಂದರೆ ಪವರ್ ಸಪ್ಲೈನ ಮುದಿ ಕೆಪಾಸಿಟರ್ ಮೇಲೆ ಅನುಮಾನ. ಒಂದು ಸಪ್ತಕ ಕೆಳಗಿದ್ದರೆ 50 ಹರ್ಟ್ಸ್, ಅರ್ತಿಂಗನ್ನೋ ಕೇಬಲನ್ನೋ ಮೊದಲು ಹಿಡಿಯಿರಿ.

## ಸ್ವರ ನಿಲ್ಲುವುದೇ ಇಲ್ಲ

ಸ್ವರವನ್ನು ಹಿಡಿದಿಡುವ ಸಸ್ಟೇನ್ ಪೆಡಲ್ ಕೀಳಿ. ನಿಂತಿತೇ? ಪೆಡಲ್‌ಗಳ ಸ್ವಿಚ್ ಕೆಲವು ಕಂಪನಿಗಳಲ್ಲಿ ಒತ್ತಿದಾಗ ಕೂಡುತ್ತದೆ, ಕೆಲವುದರಲ್ಲಿ ಬಿಡುತ್ತದೆ; ವಾದ್ಯಕ್ಕೆ ಹೊಂದದಿದ್ದರೆ ಕೆಲಸ ತಿರುವುಮುರುವಾಗುತ್ತದೆ. ಕಾಲು ತೆಗೆದಿಟ್ಟು, ಪೆಡಲ್ ಸಿಕ್ಕಿಸಿ, ಆಮೇಲೆ ಕೀಬೋರ್ಡ್ ಆನ್ ಮಾಡಿ. ಬಹಳಷ್ಟು ಹೊಸ ಕೀಬೋರ್ಡ್‌ಗಳು ಏಳುವಾಗ ತಾವೇ ತಿಳಿದುಕೊಳ್ಳುತ್ತವೆ. ನುಡಿಸುತ್ತಿರುವಾಗಲೇ ಮಿಡಿ ಕೇಬಲ್ ಕಿತ್ತುಬಂದರೂ ಸ್ವರ ನೇತಾಡುತ್ತದೆ, ನಿಲ್ಲಿಸು ಎನ್ನುವ ಸಂದೇಶ ತಲುಪಿಲ್ಲವಲ್ಲ. ಆಫ್ ಮಾಡಿ ಆನ್ ಮಾಡಿ.

## ಗುಂಡಿ ತಿರುಗಿಸಿದರೆ ಕರಕರ

ಧೂಳು. ಆಫ್ ಮಾಡಿ ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ಆಡಿಸಿ. ಸಾಲದಿದ್ದರೆ ಫೇಡರ್‌ಗೆಂದೇ (ಜಾರುಗುಂಡಿಗೆಂದೇ) ಇರುವ ಕ್ಲೀನರ್ ಎರಡು ಹನಿ. ಕರಾವಳಿ, ಮಲೆನಾಡಿನವರಿಗೆ ಈ ಕೆಲಸ ಪ್ರತಿ ಮಳೆಗಾಲದ್ದು.

ಕಾಫಿ ಚೆಲ್ಲಿದರೆ ತಕ್ಷಣ ಪ್ಲಗ್ ಕಿತ್ತು ಬೋರಲು ಹಾಕಿ. "ಕೆಲಸ ಮಾಡುತ್ತದೆಯೇ ನೋಡೋಣ" ಎಂದು ಆನ್ ಮಾಡುವುದೇ ಅದನ್ನು ಕೊಲ್ಲುವುದು. ಎರಡು ಮೂರು ದಿನ ಒಣಗಲಿ. ಸಕ್ಕರೆ ಬಿದ್ದಿದ್ದರೆ ಒಣಗಿದರೂ ಬಿಚ್ಚಿ ಒರೆಸಲೇಬೇಕು.

## ಇವನ್ನು ರಿಪೇರಿಗೆ ಒಯ್ಯಬೇಡಿ

ಜೂನೋ ಕೋರಸ್‌ನ ಸುಯ್ ಸದ್ದಿನ ಬಗ್ಗೆ ಮೊದಲೇ ಹೇಳಿದೆ. ಡಿಎಕ್ಸ್7 ಮಿಡಿ ಮೂಲಕ ಒಂದನೇ ಚಾನೆಲ್‌ನಲ್ಲಿ ಮಾತ್ರ ಕಳುಹಿಸುತ್ತದೆ. ಎರಡನೇ ಚಾನೆಲ್‌ಗೆ ಕಾದು ಕೂತಿದ್ದರೆ ಅದರ ತಪ್ಪಲ್ಲ, ಮಿಡಿ ಹುಟ್ಟಿದ ವರ್ಷದ್ದೇ ವಾದ್ಯ ಅದು. ಹ್ಯಾಮಂಡ್ ಆರ್ಗನ್‌ನ ಮನೆ ಒತ್ತಿದಾಗ ಬರುವ ಟಿಕ್ ಸದ್ದನ್ನು ಅದನ್ನು ಮಾಡಿದವರೇ ಕೊರತೆ ಎಂದುಕೊಂಡಿದ್ದರು. ಇಂದಿನ ಡಿಜಿಟಲ್ ಆರ್ಗನ್‌ಗಳು ಆ ಟಿಕ್ಕನ್ನು ಬೇಕೆಂದೇ ಸೇರಿಸುತ್ತವೆ.

ಮೆಲೊಟ್ರಾನ್ ಎಂ400 ಎಂಬ ಟೇಪ್ ವಾದ್ಯ ಎಂದಾದರೂ ಕೈಗೆ ಸಿಕ್ಕರೆ, ಹಿಡಿದ ಸ್ವರ ಸುಮಾರು ಎಂಟು ಸೆಕೆಂಡಿಗೆ ತಟಕ್ಕನೆ ಮುಗಿಯುತ್ತದೆ. ಅದರ 35 ಮನೆಗಳ ಕೆಳಗೆ ಒಂದೊಂದು ಟೇಪ್ ತುಂಡಿದೆ, ಅದರ ಉದ್ದವೇ ಅಷ್ಟು. ಬೆರಳೆತ್ತಿ, ಸ್ಪ್ರಿಂಗ್ ಟೇಪನ್ನು ಹಿಂದಕ್ಕೆಳೆದುಕೊಂಡ ಮೇಲೆ ಮತ್ತೆ ಒತ್ತಿ.